ಕಡತದ ನೆಲೆ: ಗಣಕ ತಂತ್ರಾಂಶಗಳ ಒಂದು ರೂಢಿಯ ವಿಮರ್ಶೆ

ಇತಿಹಾಸದ ಅಭ್ಯಾಸಿಗೆ ದಾಖಲೆಯಲ್ಲಿ ಏನು ಬರೆದಿದೆ ಎಂಬುದು ಎಷ್ಟು ಮುಖ್ಯವೋ, ಅದು ಯಾರ ವಶದಲ್ಲಿತ್ತು ಎಂಬುದೂ ಅಷ್ಟೇ ಮುಖ್ಯ. ಗಣಕಯಂತ್ರದ ತಂತ್ರಾಂಶಗಳು ಬಳಸುವವರ ಸ್ವಂತ ಕಡತಗಳನ್ನು ಎಲ್ಲಿ ಇರಿಸಬೇಕೆಂಬ ಪ್ರಶ್ನೆಯನ್ನು ಯಂತ್ರಜ್ಞರಿಗೆ ಬಿಟ್ಟು ನಾವು ಸುಮ್ಮನಿರುವುದು ವಾಡಿಕೆ. ಆದರೆ ಇದು ಮೂಲತಃ ಒಡೆತನದ ಪ್ರಶ್ನೆ. ಆದುದರಿಂದ ನಮ್ಮ ವಿಚಾರಕ್ಕೂ ತಕ್ಕದ್ದು.

ಈ ವಿಚಾರಕ್ಕೆ ಪ್ರೇರಣೆಯಾದುದು ಒಂದು ಸಣ್ಣ ನಷ್ಟ. ನಮ್ಮ ವಿದ್ಯಾರ್ಥಿಯೊಬ್ಬನು ಕಡೂರು ತಾಲ್ಲೂಕಿನ ಯಗಟಿ ಹೋಬಳಿಯ ಗ್ರಾಮಗಳಲ್ಲಿ ಸುತ್ತಾಡಿ, ಕೆರೆ ಗುಡಿಗಳ ವಿಷಯವಾಗಿ ಹಿರಿಯರು ಹೇಳಿದ್ದನ್ನೆಲ್ಲ ತನ್ನ ಮೊಬೈಲಿನ ಟಿಪ್ಪಣಿ ತಂತ್ರಾಂಶವೊಂದರಲ್ಲಿ ಬರೆದುಕೊಂಡಿದ್ದನು. ಒಂದು ದಿನ ತಂತ್ರಾಂಶವು ಕೆಟ್ಟಿತೆಂದು ಅದನ್ನು ತೆಗೆದುಹಾಕಿ ಮತ್ತೆ ಹಾಕಿಕೊಂಡನು. ತಂತ್ರಾಂಶ ಬಂದಿತು, ಟಿಪ್ಪಣಿಗಳು ಬರಲಿಲ್ಲ. ಆ ಸೀಮೆಯ ಶಿಲಾಶಾಸನಗಳನ್ನು ಬಿ. ಎಲ್. ರೈಸ್ ಅವರು 1901ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟದಲ್ಲಿ ಅಚ್ಚುಹಾಕಿಸಿದ್ದಾರೆ. ಕಲ್ಲನ್ನು ಇನ್ನೊಮ್ಮೆ ಓದಬಹುದು. ಆದರೆ ಮಾತನಾಡಿದ ಹಿರಿಯರಲ್ಲಿ ಒಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು.

ಹುಡುಗನ ಅಜಾಗರೂಕತೆ ಎಂದು ಇದನ್ನು ತಳ್ಳಿಹಾಕುವುದು ಸುಲಭ. ನಿಜವಾದ ಕಾರಣ ವ್ಯವಸ್ಥೆಯಲ್ಲಿದೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಪ್ರತಿಯೊಂದು ತಂತ್ರಾಂಶಕ್ಕೂ ತನ್ನದೇ ಆದ ಕೋಣೆಯಿದೆ. ತಂತ್ರಾಂಶವನ್ನು ತೆಗೆದಾಗ ಆ ಕೋಣೆಯೂ ಅಳಿಯುತ್ತದೆ. ವಿಂಡೋಸ್‌ನಲ್ಲಿ ಹಿಂದೆ ಎಷ್ಟೋ ತಂತ್ರಾಂಶಗಳು ಬಳಸುವವರ ಕಡತಗಳನ್ನು ತಮ್ಮ ಫೋಲ್ಡರಿನಲ್ಲಿಯೇ ಇಡುತ್ತಿದ್ದುವು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ ಇದನ್ನು ತಡೆಯಿತು. ಆದರೆ ಹಳೆಯ ತಂತ್ರಾಂಶಗಳು ಹಾಗೆ ಬರೆದುದನ್ನು ಕಣ್ಣಿಗೆ ಬೀಳದ ಇನ್ನೊಂದು ಫೋಲ್ಡರಿಗೆ ತಿರುಗಿಸಿತು. ಲಿನಕ್ಸ್ ಬಳಗದವರು ಸಿದ್ಧಪಡಿಸಿದ ನಿಯಮಾವಳಿಯೊಂದು ಹೊಂದಿಕೆಗಳು, ತಾತ್ಕಾಲಿಕ ಕಡತಗಳು, ಬಳಸುವವರ ಮಾಹಿತಿ ಎಂದು ಬೇರೆಬೇರೆ ಸ್ಥಳಗಳನ್ನು ಗೊತ್ತುಮಾಡುತ್ತದೆ. ಈ ವಿಂಗಡಣೆ ಪ್ರಶಂಸನೀಯ. ಆದರೂ ಮೂರನೆಯದನ್ನು ಕೂಡ ಸಾಮಾನ್ಯ ನೋಟಕ್ಕೆ ಕಾಣದ ಫೋಲ್ಡರಿನಲ್ಲಿಯೇ ಇಡಲು ಹೇಳಿರುವುದು ಅದರ ದೋಷ.

ನಮ್ಮ ನಾಡಿನ ರೂಢಿಗಳನ್ನು ಇಲ್ಲಿ ನೆನೆಯಬಹುದು. ತಾಮ್ರಶಾಸನವನ್ನು ಕೆತ್ತಿದವನು ಒಬ್ಬ. ಅದನ್ನು ಕಾಪಾಡಿಕೊಂಡವನು ದಾನವನ್ನು ಪಡೆದವನು. ಉಳಿ ತನ್ನದೆಂದು ಕೆತ್ತಿದವನು ಶಾಸನವನ್ನು ತನ್ನ ಮನೆಯಲ್ಲಿ ಇರಿಸಿಕೊಳ್ಳಲಿಲ್ಲ. ಇದಕ್ಕೆ ಎದುರಾದ ಉದಾಹರಣೆ ಶಾನುಭೋಗಿಕೆಯದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಇಂದು ಗಣಕದ ಫೈಲಿಗೆ ನಾವು ಇಟ್ಟಿರುವ ಹೆಸರೂ ಅದೇ. ಊರಿನ ಲೆಕ್ಕವೆಲ್ಲ ವಂಶಪಾರಂಪರ್ಯವಾಗಿ ಬಂದ ಶಾನುಭೋಗರ ಕೈಯಲ್ಲಿತ್ತು. ತನ್ನ ಹೊಲದ ವಿವರವನ್ನು ತಿಳಿಯಬೇಕಾದ ರೈತನು ಅವರ ಜಗಲಿಯಲ್ಲಿ ಕಾಯಬೇಕಾಗಿತ್ತು. ಗ್ರಾಮಾಧಿಕಾರಗಳ ರದ್ದಿಯಾತಿಯ 1961ರ ಕಾಯಿದೆಯು 1963ರಲ್ಲಿ ಜಾರಿಗೆ ಬಂದಾಗ ಆ ವಂಶಾಧಿಕಾರವು ಕೊನೆಗೊಂಡಿತು. ಇಂದಿನ ತಂತ್ರಾಂಶವು ನಮ್ಮ ಬರಹವನ್ನು ತನ್ನ ಕೋಣೆಯಲ್ಲಿ ಇರಿಸಿಕೊಳ್ಳುವಾಗ ಆ ಜಗಲಿಯನ್ನೇ ಮತ್ತೆ ಕಟ್ಟುತ್ತಿದೆ.

ಪ್ರತಿಪಕ್ಷದ ವಾದವನ್ನೂ ಕೇಳಬೇಕು. ಕಡತಗಳು ಕಣ್ಣಿಗೆ ಬಿದ್ದರೆ ಅರಿಯದವರು ಅಳಿಸಿಬಿಟ್ಟಾರು. ಬಾಗಿಲು ತೆರೆದಿದ್ದರೆ ಒಂದು ತಂತ್ರಾಂಶ ಇನ್ನೊಂದರ ಗುಟ್ಟನ್ನು ಕದ್ದು ಓದೀತು ಎನ್ನುತ್ತಾರೆ. ಎರಡನೆಯ ಭಯ ನಿರಾಧಾರವಲ್ಲ. ಆಂಡ್ರಾಯ್ಡ್ 2019ರಲ್ಲಿ ತನ್ನ ಕಟ್ಟುಪಾಡನ್ನು ಬಿಗಿಗೊಳಿಸಿದುದಕ್ಕೆ ಇದೂ ಒಂದು ಕಾರಣ. ಆದರೆ ಪರರಿಂದ ಮರೆಮಾಡುವುದು ಬೇರೆ, ಒಡೆಯನಿಂದಲೇ ಮರೆಮಾಡುವುದು ಬೇರೆ. ಹೊಂದಿಕೆಗಳೂ ತಾತ್ಕಾಲಿಕ ಕಡತಗಳೂ ತಂತ್ರಾಂಶದ ಒಳಮನೆಯಲ್ಲಿರಲಿ. ಮನುಷ್ಯನು ಬರೆದದ್ದು, ಚಿತ್ರಿಸಿದ್ದು, ಧ್ವನಿಮುದ್ರಿಸಿದ್ದು ಮಾತ್ರ ಅವನು ಹೆಸರಿಟ್ಟು ಆರಿಸಿದ ಜಾಗದಲ್ಲಿರಬೇಕು. ದೂರದ ಸರ್ವರಿನಲ್ಲಿ ಒಂದು ಪ್ರತಿಯಿದ್ದರೆ ಒಳ್ಳೆಯದೇ. ಇರುವುದು ಅದೊಂದೇ ಪ್ರತಿಯಾಗಬಾರದು.

ಸ್ಥಳವೊಂದೇ ಸಾಲದು, ಓದುವ ಬಗೆಯೂ ನಮ್ಮ ಕೈಯಲ್ಲಿರಬೇಕು. ಯೂನಿಕೋಡ್ ಅಲ್ಲದ ಸಂಕೇತಕ್ರಮದಲ್ಲಿ ನುಡಿ, ಬರಹ ಮೊದಲಾದ ತಂತ್ರಾಂಶಗಳಿಂದ ಸಿದ್ಧವಾದ ಕನ್ನಡ ಕಡತಗಳು, ತಕ್ಕ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುವುದನ್ನು ಅಧ್ಯಾಪಕರೆಲ್ಲ ಬಲ್ಲರು.

ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಯು ಯಾವ ತಂತ್ರಾಂಶವನ್ನು ನೆಚ್ಚುವ ಮೊದಲೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ನನ್ನ ಕಡತ ಎಲ್ಲಿದೆ? ತಂತ್ರಾಂಶವನ್ನು ತೆಗೆದರೂ ಅದು ಉಳಿಯುವುದೇ? ಇನ್ನೊಂದು ತಂತ್ರಾಂಶವು ಅದನ್ನು ಓದಬಲ್ಲುದೇ? ಇವುಗಳಿಗೆ ಉತ್ತರ ದೊರೆಯದಿದ್ದಲ್ಲಿ ಕಾಗದದ ಪುಸ್ತಕವೇ ಮೇಲು. ಯಗಟಿಯ ಆ ಹಿರಿಯರ ಮಾತು ಇನ್ನು ದೊರೆಯದು. ಮುಂದೆ ಕೇಳಲಿರುವ ಮಾತುಗಳಿಗಾದರೂ ಈ ಗತಿ ಬಾರದಿರಲಿ.