ತಕ್ಕಡಿ ಹೇಳದ ಮಾತು

ಹಗುರವಾದ, ತೆಳು ಅಟ್ಟೆಯ ಓಟದ ಶೂ ಕೈಗೆ ಬಂದರೆ ಎಲ್ಲರೂ ಮೊದಲು ತೂಕ ನೋಡುತ್ತಾರೆ. ಈ ವಾರ ಬರೆಯಬೇಕೆಂದಿದ್ದದ್ದೂ ತೂಕದ ಬಗ್ಗೆಯೇ. ಆದರೆ ಆ ಲೆಕ್ಕ ಎಂದೋ ಮುಗಿದಿದೆ: ಶೂ ಒಂದಕ್ಕೆ 100 ಗ್ರಾಂ ಹೆಚ್ಚಿದರೆ ಓಟಕ್ಕೆ ಬೇಕಾಗುವ ಆಮ್ಲಜನಕ ಸುಮಾರು ಶೇ 1ರಷ್ಟು ಏರುತ್ತದೆ, ಅಷ್ಟೇ. ಹಗುರತನ ಈಗ ತೆಳು ಶೂಗಳ ಸ್ವತ್ತೂ ಅಲ್ಲ. 2017ರಲ್ಲಿ ಬಂದ ನೈಕಿ ವೇಪರ್‌ಫ್ಲೈ ದಪ್ಪ ಫೋಮಿನದಾದರೂ 200 ಗ್ರಾಮಿನ ಆಸುಪಾಸಿನಲ್ಲೇ ಇತ್ತು. ಆ ಜಾತಿಯ ಶೂಗಳು ದಪ್ಪವಾಗುತ್ತಾ ಹೋಗಿ, 2020ರಲ್ಲಿ ವರ್ಲ್ಡ್ ಅಥ್ಲೆಟಿಕ್ಸ್ ರಸ್ತೆ ಓಟದ ಅಟ್ಟೆಯ ದಪ್ಪಕ್ಕೆ 40 ಮಿ.ಮೀ. ಮಿತಿ ಹಾಕಬೇಕಾಯಿತು. ಅವು ಮೆತ್ತಗಿವೆ, ಆದರೆ ಒಳಗಿನ ಕಾರ್ಬನ್ ಪಟ್ಟಿಯಿಂದಾಗಿ ಬಾಗುವುದಿಲ್ಲ. ಒಳ್ಳೆಯ ತೆಳು ಶೂ ಇದಕ್ಕೆ ತದ್ವಿರುದ್ಧ: ಗಟ್ಟಿಯಾಗಿರುತ್ತದೆ, ಬೆರಳ ಬುಡದಲ್ಲಿ ಸಲೀಸಾಗಿ ಬಾಗುತ್ತದೆ. ತಕ್ಕಡಿಗೆ ಈ ವ್ಯತ್ಯಾಸ ತಿಳಿಯದು.

ಗಟ್ಟಿ ಅಟ್ಟೆ ಯಾಕೆ ಬೇಕು? ಕಾಲು ನೆಲ ನೋಡಿ ತನ್ನ ಬಿಗಿಯನ್ನು ತಾನೇ ಬದಲಿಸಿಕೊಳ್ಳುತ್ತದೆ. ಮೆತ್ತನೆಯ ನೆಲದಲ್ಲಿ ಬಿಗಿಯಾಗುತ್ತದೆ, ಗಟ್ಟಿ ನೆಲದಲ್ಲಿ ಸಡಿಲಗೊಂಡು ಬಾಗುತ್ತದೆ. ಮೆತ್ತನೆಯ ಅಟ್ಟೆಯೂ ಕಾಲಿಗೆ ಮೆತ್ತನೆಯ ನೆಲದಂತೆಯೇ. ಕುಲ್ಮಾಲಾ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಪ್ಪ ಮೆತ್ತೆಯ ಶೂ ತೊಟ್ಟು ವೇಗವಾಗಿ ಓಡಿದವರ ಕಾಲಿಗೆ ಬಿದ್ದ ಹೊಡೆತ ಸಾಮಾನ್ಯ ಶೂಗಿಂತ ಹೆಚ್ಚಾಗಿತ್ತು. ಮೆತ್ತೆಯೇ ರಕ್ಷೆ ಎನ್ನುವವರು ಇದಕ್ಕೆ ಲಕ್ಸೆಂಬರ್ಗಿನ ಪ್ರಯೋಗವನ್ನು ಮುಂದಿಡುತ್ತಾರೆ. 800ಕ್ಕೂ ಹೆಚ್ಚು ಹವ್ಯಾಸಿ ಓಟಗಾರರಲ್ಲಿ ಗಟ್ಟಿ ಶೂ ತೊಟ್ಟವರೇ ಹೆಚ್ಚು ಗಾಯಗೊಂಡರೆಂದು 2020ರಲ್ಲಿ ಪ್ರಕಟವಾದ ಆ ವರದಿ ಹೇಳಿತು. ಇದು ತಳ್ಳಿಹಾಕುವಂಥದ್ದಲ್ಲ. ಆದರೆ ಅಲ್ಲಿ ಹೋಲಿಸಿದ್ದು ರೂಢಿಯ ಶೂವಿನ ಎರಡು ರೂಪಗಳನ್ನು. ಬೇರೆಯಿದ್ದದ್ದು ಮೆತ್ತೆಯ ಗಡಸು ಮಾತ್ರ. ತೆಳುವಾದ, ಬಾಗುವ, ಸಮತಟ್ಟಾದ ಶೂ ಆ ಪರೀಕ್ಷೆಗೆ ಕೂರಲೇ ಇಲ್ಲ. ಗಟ್ಟಿತನವೊಂದನ್ನೇ ಬೇರ್ಪಡಿಸಿ ತೂಗಿದರೆ ಹೀಗಾಗುತ್ತದೆ.

ಶೂವೇ ಬೇಡವೆನ್ನುವ ಬರಿಗಾಲ ಪಂಥದವರ ವಾದವೂ ಒಪ್ಪುವಂಥದ್ದಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅಬೆಬೆ ಬಿಕಿಲಾ ಬರಿಗಾಲಲ್ಲಿ 2 ಗಂಟೆ 15 ನಿಮಿಷದಲ್ಲಿ ಮ್ಯಾರಥಾನ್ ಗೆದ್ದದ್ದನ್ನು ಅವರು ಮರೆಯುವುದಿಲ್ಲ. 1964ರ ಟೋಕಿಯೊದಲ್ಲಿ ಶೂ ತೊಟ್ಟು ಮೂರು ನಿಮಿಷ ಮೊದಲೇ ಮುಗಿಸಿದ್ದನ್ನು ಹೇಳುವುದೇ ಇಲ್ಲ. ಹಾದಿ ಬೇರೆ, ಹವೆ ಬೇರೆ. ಎರಡೂ ಯಾವ ವಾದಕ್ಕೂ ಪುರಾವೆಯಲ್ಲ. ಅವಸರದಲ್ಲಿ ತೆಳು ಶೂಗೆ ಬದಲಾಗುವುದರ ಬೆಲೆಗಂತೂ ಪುರಾವೆಯಿದೆ: ಹತ್ತೇ ವಾರಗಳಲ್ಲಿ ಐದು ಬೆರಳಿನ ಶೂಗೆ ಬದಲಾದ ಓಟಗಾರರಲ್ಲಿ ಹಲವರ ಪಾದದ ಮೂಳೆಯ ಮಜ್ಜೆ ಊದಿಕೊಂಡಿತ್ತೆಂದು 2013ರ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಅಂಗಡಿಯಲ್ಲಿ ಮುಂಗಾಲಿನ ಕೆಳಗೆ ಹೆಬ್ಬೆರಳಿಂದ ಒತ್ತಿ, ಅಟ್ಟೆ ಬಾಗಿಸಿ ಆರಿಸಿಕೊಂಡ ಮೇಲೂ ಮೊದಲ ತಿಂಗಳುಗಳಲ್ಲಿ ತೆಳು ಶೂವನ್ನು ಕಿರು ಓಟಕ್ಕಷ್ಟೇ ತೊಡಿ, ಉದ್ದದ ಓಟಕ್ಕೆ ಹಳೆಯ ಜೋಡಿಯೇ ಇರಲಿ.