ಬಯಲಿಗೆ ಹೋದವರ ತಲೆಯ ಮೇಲೆ

2021ರ ಆಗಸ್ಟ್ 25ರಂದು ಕೇಂದ್ರ ಸರ್ಕಾರ ಹೊರಡಿಸಿದ ಡ್ರೋನ್ ನಿಯಮಗಳನ್ನು ನಾವು ಒಂದು ಕೃತಿಯನ್ನು ಓದುವ ಹಾಗೆಯೇ ಓದಿದೆವು. ಯಾರು ಬರೆದದ್ದು, ಯಾರಿಗಾಗಿ ಬರೆದದ್ದು, ಯಾರನ್ನು ಬಿಟ್ಟು ಬರೆದದ್ದು ಎಂದು ಕತೆ ಕಾದಂಬರಿಗಳನ್ನು ಕೇಳುವ ನಾವು ಗೆಜೆಟ್ಟನ್ನು ಯಾಕೆ ಕೇಳಬಾರದು? ಕಾದಂಬರಿಯಲ್ಲಿ ನಮ್ಮ ಜನ ಇಲ್ಲದಿದ್ದರೆ ಒಂದು ವಿಮರ್ಶೆ ಬರೆದು ಸುಮ್ಮನಾಗಬಹುದು. ಗೆಜೆಟ್ಟಿನಲ್ಲಿ ಇಲ್ಲದಿದ್ದರೆ ಪೆಟ್ಟು ಬೀಳೋದು ಮೈಮೇಲೆ.

ಈ ಕೃತಿಗೆ ತೂಕದ ಮೇಲೆ ಬಹಳ ಪ್ರೀತಿ. 250 ಗ್ರಾಂವರೆಗೆ ನ್ಯಾನೊ, 2 ಕೆ.ಜಿ.ವರೆಗೆ ಮೈಕ್ರೊ, 25ರವರೆಗೆ ಸಣ್ಣದು, 150ರವರೆಗೆ ಮಧ್ಯಮ, ಅದರಾಚೆಗೆ ದೊಡ್ಡದು. ಆಕಾಶಕ್ಕೂ ಬಣ್ಣ ಬಳಿದಿದ್ದಾರೆ: ಹಸಿರು, ಹಳದಿ, ಕೆಂಪು. ಹಸಿರು ವಲಯದಲ್ಲಿ 400 ಅಡಿಯವರೆಗೆ ಯಾರ ಅಪ್ಪಣೆಯನ್ನೂ ಕೇಳದೆ ಹಾರಿಸಬಹುದು. ವಿಮಾನಕ್ಕೆ ದಾರಿ ಬಿಡಬೇಕು, ವಿಮಾನ ನಿಲ್ದಾಣದಿಂದ ಇಷ್ಟು ಕಿಲೋಮೀಟರ್ ದೂರ ಇರಬೇಕು, ತಪ್ಪಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಮೇಲೆ ಹಾರುವವರ ಬಗ್ಗೆ ಇಷ್ಟೆಲ್ಲ ಕಾಳಜಿ. ಆ 400 ಅಡಿಯ ತಳದಲ್ಲಿ ಕಳೆ ಕೀಳುತ್ತಲೋ ಬಟ್ಟೆ ಒಗೆಯುತ್ತಲೋ ಇರುವವಳ ಗತಿ? ಅವಳ ಖಾಸಗಿತನ ಕಾಪಾಡು ಎಂದು ಹಾರಿಸುವವನಿಗೆ ಹೇಳುವ ಒಂದು ನಿಯಮ ಇದರಲ್ಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಬಂದಿದ್ದ ಹಿಂದಿನ ನಿಯಮಗಳಲ್ಲಿ ಅಂಥದೊಂದು ಮಾತಿತ್ತು. ಐದು ತಿಂಗಳಲ್ಲಿ ಅದು ಉದುರಿಹೋಯಿತು. 25 ಫಾರಂಗಳನ್ನು 5ಕ್ಕೆ ಇಳಿಸಿದೆವು, 72 ಬಗೆಯ ಶುಲ್ಕವನ್ನು 4ಕ್ಕೆ ಇಳಿಸಿದೆವು ಎಂದು ಸರ್ಕಾರ ಬೀಗಿತು. ಇಳಿಸುವ ಭರದಲ್ಲಿ ಕೆಳಗಿನ ಮನುಷ್ಯರನ್ನೂ ಲೆಕ್ಕದಿಂದ ಇಳಿಸಿಬಿಟ್ಟರು.

ನ್ಯಾನೊ ಡ್ರೋನ್ ಹಾರಿಸುವವನಿಗೆ ಪೈಲಟ್ ಸರ್ಟಿಫಿಕೇಟ್ ಬೇಡ. ಅಂಗಡಿಯಲ್ಲಿ 249 ಗ್ರಾಂನ ಕ್ಯಾಮೆರಾ ಡ್ರೋನ್ ಸಿಗುತ್ತೆ. ತಲೆ ಮೇಲೆ ಬಿದ್ದರೆ ಎಷ್ಟು ಪೆಟ್ಟಾಗುತ್ತೆ ಅನ್ನೋದನ್ನ ತಕ್ಕಡಿಗೆ ಹಾಕಿ ನೋಡಿದ್ದಾರೆ. ನೋಡುವ ಕಣ್ಣನ್ನು ಯಾವ ತಕ್ಕಡಿಗೂ ಹಾಕಿಲ್ಲ.

ಖಾಸಗಿತನ ಎಂದೊಡನೆ ನಮ್ಮ ವಿದ್ಯಾವಂತರ ಕಣ್ಣಿಗೆ ಬರೋದು ಕಾಂಪೌಂಡು, ಪರದೆ, ಚಿಲಕ ಹಾಕಿದ ಬಾಗಿಲು. ಕೇರಿಯಲ್ಲಿ ಎಷ್ಟೋ ಮನೆಗಳಿಗೆ ಇರೋದು ಒಂದೇ ಕೋಣೆ. ತಲೆ ಬಾಚೋದು ಜಗಲಿ ಮೇಲೆ, ಜಗಳ ಬೀದಿಯಲ್ಲಿ, ಬೇಸಿಗೆಯ ನಿದ್ದೆ ಅಂಗಳದಲ್ಲಿ. ಹೆಂಗಸರು ಸ್ನಾನ ಮಾಡೋ ತಡಿಕೆಗೆ ನಾಲ್ಕು ಕಡೆ ಮರೆ ಇರುತ್ತೆ, ಮೇಲಕ್ಕೆ ಸೂರು ಇರೋದಿಲ್ಲ. ಮೇಲಿಂದ ನೋಡೋರು ಯಾರಿದ್ದರು? ಬಯಲಿಗೆ ಹೋಗೋಕೆ ಹೊತ್ತು ಮೂಡುವ ಮುಂಚಿನ ಕತ್ತಲಿತ್ತು. ದಾರಿಯಲ್ಲಿ ಬಂದ ಗಂಡಸು ಕೆಮ್ಮಿ, ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಗೋಡೆ ಇಲ್ಲದ ಜನ ಕತ್ತಲು, ದೂರ, ಗಿಡದ ಮರೆ, ಒಂದು ಕೆಮ್ಮು, ಇಷ್ಟರಿಂದಲೇ ಕಟ್ಟಿಕೊಂಡ ಗೋಡೆ ಅದು. ಡ್ರೋನಿಗೆ ಕೆಮ್ಮಲು ಬರುವುದಿಲ್ಲ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾರ್ವಜನಿಕ ಜಾಗದಲ್ಲಿ ನಿಂತ ಮಾತ್ರಕ್ಕೆ ಮನುಷ್ಯ ಖಾಸಗಿತನ ಕಳೆದುಕೊಳ್ಳುವುದಿಲ್ಲ, ಅದು ಜಾಗಕ್ಕಲ್ಲ, ಮನುಷ್ಯನಿಗೆ ಅಂಟಿದ್ದು, ಅವನ ಘನತೆಯ ಭಾಗ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಚಿನ್ನದಂಥ ಮಾತು. ಅದೇ ವರ್ಷ ತೆಲಂಗಾಣದ ಕರೀಂನಗರದಲ್ಲಿ, ಲೋಯರ್ ಮಾನೇರ್ ಜಲಾಶಯದ ದಡದಲ್ಲಿ ಬಯಲಿಗೆ ಕೂರುವವರನ್ನು ಹಿಡಿಯೋಕೆ ಪೊಲೀಸರು ಡ್ರೋನ್ ಹಾರಿಸಿದರು. ದಿಲ್ಲಿಯಲ್ಲಿ ಕೊಟ್ಟ ಘನತೆ ಮಾನೇರ್ ದಡ ಮುಟ್ಟಲಿಲ್ಲ. ಮನೆಯಲ್ಲಿ ಟೈಲ್ಸ್ ಹಾಕಿದ ಕಕ್ಕಸು ಇದ್ದವನ ತಲೆ ಮೇಲೆ ಆ ಯಂತ್ರ ಹಾರಲಿಲ್ಲ ಅನ್ನೋದನ್ನ ಬಿಡಿಸಿ ಹೇಳಬೇಕೇ? ನೀರು, ಜಾಗ, ದುಡ್ಡು ಇಲ್ಲದೆ ಬಯಲಿಗೆ ಹೋಗುವುದು ಅವರ ಅಪರಾಧವಾಯಿತು. ಹೋದವರನ್ನು ಮೇಲಿಂದ ಚಿತ್ರ ತೆಗೆಯೋದು ಸ್ವಚ್ಛತೆಯಾಯಿತು.

ಹೆಂಗಸಿನ ಖಾಸಗಿ ಕ್ರಿಯೆಯನ್ನು ಕದ್ದು ನೋಡೋದು, ಚಿತ್ರ ತೆಗೆಯೋದು ಅಪರಾಧ ಎಂದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಹೇಳುತ್ತದೆ. ಆದರೆ ಅವಳು ಖಾಸಗಿತನ ನಿರೀಕ್ಷಿಸಬಹುದಾದ ಜಾಗದಲ್ಲಿ ಇರಬೇಕಂತೆ. ಜಾಲಿ ಪೊದೆ ಅಂಥ ಜಾಗವೋ ಅಲ್ಲವೋ? ವಕೀಲರು ಕೋಟು ಹಾಕಿಕೊಂಡು ವಾದ ಮಾಡಲಿ. ಪೊದೆಯ ಹಿಂದೆ ಕೂತವಳಿಗೆ ಉತ್ತರ ಗೊತ್ತಿದೆ.

ಉತ್ತರಾಖಂಡದ ಕಾರ್ಬೆಟ್ ಹುಲಿ ಅಭಯಾರಣ್ಯದ ಸಂಗತಿ ಇನ್ನೂ ಘೋರ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕ ತ್ರಿಶಾಂತ್ ಸಿಮ್ಲಾಯಿ ಆ ಕಾಡಂಚಿನ ಹಳ್ಳಿಗಳಲ್ಲಿ 14 ತಿಂಗಳಿದ್ದು 270 ಜನರ ಜೊತೆ ಮಾತಾಡಿ ಬರೆದ ಅಧ್ಯಯನ 2024ರ ನವೆಂಬರ್‌ನಲ್ಲಿ ಹೊರಬಂತು. ಹೆಂಗಸರಿಗೆ ಕಾಡಿನಿಂದ ಸೌದೆ, ಹುಲ್ಲು ತರುವ ಹಕ್ಕು ಕಾನೂನಿನಲ್ಲೇ ಇದೆ. ಆದರೂ ಅವರನ್ನು ಬೆದರಿಸಿ ಓಡಿಸೋಕೆ ಅರಣ್ಯ ಸಿಬ್ಬಂದಿ ಬೇಕೆಂದೇ ಅವರ ಮೇಲೆ ಡ್ರೋನ್ ಹಾರಿಸುತ್ತಿದ್ದರು. ಹುಲಿ ಎಣಿಸಲು ಕಟ್ಟಿದ ಕ್ಯಾಮೆರಾದಲ್ಲಿ ಬಯಲಿಗೆ ಹೋದ ಒಬ್ಬಳ ಚಿತ್ರ ಸಿಕ್ಕಿ, ಅದು ವಾಟ್ಸಾಪಿನಲ್ಲಿ ಊರೂರು ತಿರುಗಿತು. ಕಾಡೆಂದರೆ ಆ ಹೆಂಗಸರಿಗೆ ಸೌದೆಯಷ್ಟೇ ಅಲ್ಲ. ಗಂಡನ, ಅತ್ತೆಯ ಕಣ್ಣು ತಪ್ಪಿಸಿ ನಾಲ್ಕು ಜನ ಕೂತು ನಗುವ, ಹಾಡುವ ಒಂದೇ ಜಾಗ. ಹಾಡಿದರೆ ಆನೆ, ಹುಲಿ ದೂರ ಸರಿಯುತ್ತವೆ. ಕಣ್ಣುಗಳು ಬಂದ ಮೇಲೆ ಅವರ ಹಾಡು ಇಳಿಯಿತು, ಮಾತು ಪಿಸುಮಾತಾಯಿತು. ಕಣ್ಣಿಲ್ಲದ ಕಡೆ ಹುಡುಕುತ್ತಾ ಇನ್ನೂ ಒಳಗೆ, ಗುರುತಿಲ್ಲದ ಕಾಡಿಗೆ ಹೋಗತೊಡಗಿದರು. ಅಧ್ಯಯನಕ್ಕೆ ಮಾತು ಕೊಟ್ಟವರಲ್ಲಿ ಒಬ್ಬಾಕೆ ಆಮೇಲೆ ಹುಲಿಗೆ ಬಲಿಯಾದಳು.

ಸುರಕ್ಷತೆ ಬೇರೆ, ಖಾಸಗಿತನ ಬೇರೆ ಎಂದು ಎರಡು ಪಾಠ ಮಾಡುವವರು ಇದನ್ನು ಓದಬೇಕು. ಕಾರ್ಬೆಟ್‌ನಲ್ಲಿ ಡ್ರೋನ್ ಯಾರ ತಲೆ ಮೇಲೂ ಬೀಳಬೇಕಾಗಿರಲಿಲ್ಲ. ಮೇಲೆ ನಿಂತು ನೋಡಿದ್ದೇ ಸಾಕಾಯಿತು.

ಬೀಳುವುದೂ ಇದೆ. ಚಳ್ಳಕೆರೆಯ ಅಮೃತಮಹಲ್ ಕಾವಲನ್ನು ಡಿ.ಆರ್.ಡಿ.ಒ., ಇಸ್ರೊ ಮೊದಲಾದವಕ್ಕೆ ಹಂಚಿದಾಗ ಕುರಿ, ದನ ಮೇಯಿಸುವವರು ಬೇಲಿಯ ಹೊರಗಾದರು. ಅಲ್ಲಿ 2017ರಲ್ಲಿ ಪೈಲಟ್‌ರಹಿತ ವಿಮಾನಗಳ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿ ಬಳಿ ಒಂದು ಬಿತ್ತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ‘ತಪಸ್’ ಬಿತ್ತು. ಪುಣ್ಯಕ್ಕೆ ಜನಕ್ಕೆ ಏನೂ ಆಗಲಿಲ್ಲ. ಅಷ್ಟು ದೊಡ್ಡದು ಬಿದ್ದರೆ ಯಾರದು ಅಂತ ಹುಡುಕಬೇಕಾಗಿಲ್ಲ. ಸಣ್ಣದು ಬಂದು ಕಣ್ಣಿಗೆ ಬಡಿದು, ಹಾರಿಸಿದವನು ಕಾರು ಹತ್ತಿ ಹೋದರೆ? ನೋಂದಣಿ ಸಂಖ್ಯೆ ಇರುತ್ತೆ ಅಂತಾರೆ. 400 ಅಡಿ ಮೇಲಿನ ನಂಬರನ್ನು ಕೆಳಗಿನಿಂದ ಓದುವ ಕಣ್ಣು ಯಾರಿಗಿದೆ?

2024ರ ಫೆಬ್ರವರಿ 13ರಂದು ಪಂಜಾಬ್-ಹರಿಯಾಣದ ಶಂಭು ಗಡಿಯಲ್ಲಿ ಪೊಲೀಸರು ದಿಲ್ಲಿಗೆ ಹೊರಟ ರೈತರ ಮೇಲೆ ಡ್ರೋನ್‌ನಿಂದ ಅಶ್ರುವಾಯು ಉದುರಿಸಿದರು. ರೈತರು ಗಾಳಿಪಟ ಹಾರಿಸಿ ಅದರ ದಾರಕ್ಕೆ ಡ್ರೋನನ್ನು ಸಿಕ್ಕಿಸಲು ನೋಡಿದರು. ಪಟಿಯಾಲದ ಜಿಲ್ಲಾಡಳಿತ ಅಂಬಾಲಾಕ್ಕೆ ಆಕ್ಷೇಪಣೆ ಬರೆಯಿತು: ನಮ್ಮ ರಾಜ್ಯದ ಗಡಿಯೊಳಗೆ ನಿಮ್ಮ ಡ್ರೋನ್ ಬರಬಾರದು ಎಂದು. ಆಕಾಶ ಯಾವ ರಾಜ್ಯದ್ದು ಎಂಬ ಜಗಳ. ತಲೆ ಯಾರದು ಎಂಬುದು ಎರಡು ಕಡೆಯ ಕಡತದಲ್ಲೂ ಆಮೇಲಿನ ಮಾತು.

ಗೆಳೆಯರು ನಮ್ಮನ್ನು ತರಾಟೆಗೆ ತಗೊಳ್ಳುತ್ತಾರೆ: ಯಂತ್ರ ವಿರೋಧಿಗಳಾಗಬೇಡ್ರಪ್ಪ, ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆದು ಎದೆ ಸುಟ್ಟುಕೊಂಡವರು ನಮ್ಮವರೇ ತಾನೆ? ನಿಜ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆಗೆ 2023ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ನಮ್ಮ ಕೇರಿಯ ಹುಡುಗಿ ಆ ರಿಮೋಟು ಹಿಡಿದರೆ ನಮಗೆ ಸಂತೋಷವೇ. ಆದರೆ ಗಾಳಿ ತಿರುಗಿದಾಗ ಆ ವಿಷದ ತುಂತುರು ಬೀಳೋದು ಪಕ್ಕದ ಹೊಲದಲ್ಲಿ ಬಗ್ಗಿ ಕಳೆ ತೆಗೆಯೋ ಇನ್ನೊಬ್ಬ ಹುಡುಗಿಯ ಮೇಲೆ. ಹಾರಿಸುವ ಮುಂಚೆ ಅವಳನ್ನು ಕೂಗಿ ಎಬ್ಬಿಸಬೇಕೋ ಬೇಡವೋ? ನಮ್ಮ ಪ್ರಶ್ನೆ ಇಷ್ಟೆ.

ಹಾಗೆ ಕೂಗಿ ಹೇಳೋದು ಆಗದ ಕೆಲಸವಲ್ಲ. 2020ರ ಏಪ್ರಿಲ್ 24ರಂದು ಶುರುವಾದ ‘ಸ್ವಾಮಿತ್ವ’ ಯೋಜನೆಯನ್ನೇ ನೋಡಿ. ಗ್ರಾಮಠಾಣಾ ಅಳೆಯೋಕೆ ಡ್ರೋನ್ ಹಾರಿಸುವ ಮುಂಚೆ ಊರಿಗೆ ತಿಳಿಸಬೇಕು, ಮನೆ ಮನೆಗೆ ಸುಣ್ಣದ ಗೆರೆ ಎಳೆಯಬೇಕು, ಆಮೇಲೆ ತಕರಾರು ಕೇಳಬೇಕು. ಆಸ್ತಿಯ ಮಾತು ಬಂದಾಗ ಕೆಳಗಿನವರನ್ನು ಕೇಳಿ ಹಾರಿಸುವುದು ಸರ್ಕಾರಕ್ಕೆ ಗೊತ್ತು! ಮಾನದ ಮಾತು ಬಂದಾಗ ಮಾತ್ರ ಗೊತ್ತಿಲ್ಲ. (ಗ್ರಾಮಠಾಣಾದ ಆಚೆ ಗೋಮಾಳದಲ್ಲಿ ಗುಡಿಸಲು ಹಾಕಿದವರಿಗೆ ಆ ಸುಣ್ಣದ ಗೆರೆಯೂ ಇಲ್ಲ. ಅದನ್ನು ಬೇರೆಯಾಗಿಯೇ ಬರೆಯಬೇಕು.) 2023ರ ದತ್ತಾಂಶ ರಕ್ಷಣಾ ಕಾಯ್ದೆ ಕಾಪಾಡುತ್ತೆ ಎಂದು ಕೂರುವಂತಿಲ್ಲ. ತನಗೆ ಬೇಕಾದ ಸರ್ಕಾರಿ ಸಂಸ್ಥೆಗಳನ್ನು ಅದರಿಂದ ಹೊರಗಿಡುವ ಅಧಿಕಾರವನ್ನು ಕೇಂದ್ರ 17ನೇ ಕಲಮಿನಲ್ಲೇ ಇಟ್ಟುಕೊಂಡಿದೆ. ಆದ್ದರಿಂದ ಊರಿನ ಮೇಷ್ಟ್ರುಗಳು, ಹಾಸ್ಟೆಲಿನ ಹುಡುಗರು ಇದನ್ನು ಗ್ರಾಮಸಭೆಗೆ ತರಬೇಕು. ಜಾತ್ರೆಗೆ, ಮದುವೆಗೆ, ಔಷಧಿಗೆ, ಬಂದೋಬಸ್ತಿಗೆ ಯಾರೇ ಹಾರಿಸಲಿ, ಯಾರು, ಯಾವ ಹೊತ್ತು, ಚಿತ್ರ ಎಲ್ಲಿ ಇಡುತ್ತಾರೆ, ಯಾವಾಗ ಅಳಿಸುತ್ತಾರೆ ಎಂದು ಪಂಚಾಯ್ತಿ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದು ಹಾಕಲಿ. ನಸುಕಿನಲ್ಲಿ, ಕೆರೆ ದಂಡೆ ಮೇಲೆ ಹಾರಿಸಕೂಡದು.

ನಮ್ಮ ಸಮಾವೇಶಗಳಲ್ಲೂ ಡ್ರೋನ್ ಹಾರುತ್ತೆ. ಎಷ್ಟು ಜನ ಸೇರಿದ್ದರು ಅಂತ ಯೂಟ್ಯೂಬಿನಲ್ಲಿ ತೋರಿಸೋ ಹುಮ್ಮಸ್ಸು. ಆ ಜನರಲ್ಲಿ ಹೊಟ್ಟೆನೋವು ಅಂತ ಧಣಿಗೆ ಸುಳ್ಳು ಹೇಳಿ ಬಂದ ಕೂಲಿಯಾಳು ಇರುತ್ತಾನೆ, ಮನೆಯಲ್ಲಿ ಹೇಳದೆ ಬಂದ ಹುಡುಗಿ ಇರುತ್ತಾಳೆ. ಸಂಜೆ ಆ ವಿಡಿಯೊ ನೋಡುವವರಲ್ಲಿ ಧಣಿಯೂ ಇರುತ್ತಾನೆ, ಪೊಲೀಸಿನವನೂ ಇರುತ್ತಾನೆ. ಹಾರಿಸುವ ಮುಂಚೆ ಮೈಕಿನಲ್ಲಿ ಹೇಳಿ. ಎತ್ತರದಿಂದ ಜನಸಾಗರವನ್ನಷ್ಟೇ ಹಿಡಿಯಿರಿ. ಮುಖ ಬೇಕೆಂದರೆ ಕ್ಯಾಮೆರಾ ಕೈಯಲ್ಲಿ ಹಿಡಿದು ಆ ಮನುಷ್ಯನ ಹತ್ತಿರ ಹೋಗಿ, ‘ತೆಗೀಲಾ ಅಣ್ಣ?’ ಅಂತ ಕೇಳಿ ತೆಗೆಯಿರಿ.