ಕಿಡಿ ಹಾರಿಸಿ ನೋಡುವ ಪರೀಕ್ಷೆ

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಆಳಂದ ತಾಲ್ಲೂಕಿನ ಭೂಸನೂರಿನ ಸಕ್ಕರೆ ಕಾರ್ಖಾನೆಯತ್ತ ಟ್ರ್ಯಾಕ್ಟರುಗಳ ಸಾಲು ಹರಿಯುತ್ತದೆ. ಹಿಂದೆ ಟ್ರೇಲರ್ ತುಂಬ ಕಬ್ಬು, ತಲೆಯ ಮೇಲೆ ಸ್ಪೀಕರು, ಎಂಜಿನ್ ನಿಂತರೂ ನಿಲ್ಲದ ಹಾಡು. ಕಾಟಾ ಹತ್ತುವ ಸರದಿ ಬರುವಷ್ಟರಲ್ಲಿ ಕೆಲವರ ಬ್ಯಾಟರಿ ಹಾಡಿಗೇ ಖರ್ಚಾಗಿರುತ್ತದೆ, ಸೆಲ್ಫ್ ಹಿಡಿಯುವುದಿಲ್ಲ. ಆಗ ನಡೆಯುವ ತಪಾಸಣೆ ಉತ್ತರ ಕರ್ನಾಟಕದ ಯಾವ ಗ್ಯಾರೇಜಿಗೂ ಹೊಸದಲ್ಲ. ಒಂದು ತುಂಡು ವೈರನ್ನೋ ಪಾನಾವನ್ನೋ ಪ್ಲಸ್ಸಿಗೂ ಮೈನಸ್ಸಿಗೂ ತಾಗಿಸಿ, "ಜೀವ ಐತೇನ ನೋಡೋ ತಮ್ಮಾ" ಎನ್ನುವುದು. ಕಿಡಿ ದಪ್ಪಗೆ ಹಾರಿದರೆ ಬ್ಯಾಟರಿ ಗಟ್ಟಿ, ಸಣ್ಣಗಿದ್ದರೆ ಮುಗಿಯಿತು.

ಪರೀಕ್ಷೆಯಾಗಿ ನೋಡಿದರೂ ಇದು ಕಳಪೆ. ಅರ್ಧ ಇಳಿದ ಬ್ಯಾಟರಿಯೂ ಶಾರ್ಟ್ ಮಾಡಿದ ಕ್ಷಣದಲ್ಲಿ ಭರ್ಜರಿ ಕಿಡಿ ಕೊಡುತ್ತದೆ. ಒಂದಿಷ್ಟು ಹೊತ್ತು ಸುಮ್ಮನೆ ಬಿಟ್ಟ 12 ವೋಲ್ಟ್ ಬ್ಯಾಟರಿ ಮೀಟರಿನಲ್ಲಿ 12.6 ತೋರಿಸಿದರೆ ತುಂಬಿದೆ, 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಬರಿದಾಗಿದೆ. ಇಷ್ಟು ಹೇಳಲು ಸಾದಾ ಮಲ್ಟಿಮೀಟರ್ ಸಾಕು. ಕಿಡಿ ಹಾರಿಸುವವನಿಗೆ ಸಿಗುವುದು ಉತ್ತರವೇ ಅಲ್ಲ, ಬರೀ ಸಮಾಧಾನ. ಅದಕ್ಕಾಗಿ ಅವನು ಆರಿಸಿಕೊಂಡಿರುವ ಜಾಗವೋ, ಇಡೀ ಟ್ರ್ಯಾಕ್ಟರಿನಲ್ಲಿ ಕಿಡಿಗೆ ಅತಿ ಕೆಟ್ಟ ಜಾಗ.

ಸೀಸ-ಆಮ್ಲ ಬ್ಯಾಟರಿ ತುಂಬುತ್ತ ಬಂದಂತೆ ಒಳಗೆ ಹೋದ ಕರೆಂಟು ನೀರನ್ನು ಒಡೆಯತೊಡಗುತ್ತದೆ. ಒಂದು ಸೆಲ್ಲಿಗೆ 2.4 ವೋಲ್ಟ್ ಸುಮಾರಿಗೆ, ಅಂದರೆ ಪೂರ್ತಿ ಬ್ಯಾಟರಿಗೆ 14.4ರ ಹೊತ್ತಿಗೆ, ಗುಳ್ಳೆಗಳು ಜೋರಾಗುತ್ತವೆ. ಬಿಸಿಲು ಏರಿದಂತೆ ಈ ಮಿತಿ ಇನ್ನೂ ಕೆಳಗಿಳಿಯುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಚಾರ್ಜರಿನ ಅದೇ ಸೆಟ್ಟಿಂಗ್ ಹೆಚ್ಚು ಗ್ಯಾಸ್ ಎಬ್ಬಿಸುತ್ತದೆ. ಎರಡು ಪಾಲು ಜಲಜನಕ, ಒಂದು ಪಾಲು ಆಮ್ಲಜನಕ: ಸ್ಫೋಟಕ್ಕೆ ಬೇಕಾದ ಅಳತೆಯಲ್ಲೇ ಬೆರೆತು ನೀರಿನ ಮಟ್ಟದ ಮೇಲಿನ ಖಾಲಿ ಜಾಗದಲ್ಲಿ ನಿಲ್ಲುತ್ತವೆ. ಗಾಳಿಯಲ್ಲಿ ಜಲಜನಕ ಶೇ. 4ರಷ್ಟಿದ್ದರೆ ಸಾಕು ಹೊತ್ತಿಕೊಳ್ಳಲು. ಅದಕ್ಕೆ ಬೇಕಾದ ಕಿಡಿಯೋ ಕಣ್ಣಿಗೆ ಕಾಣದಷ್ಟು ಚಿಕ್ಕದು. ನೈಲಾನ್ ಅಂಗಿ ಕಳಚುವಾಗ ಚಟಪಟ ಎನ್ನುವುದೂ ನಡೆದೀತು. ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಾರ್ಜಿಂಗ್ ಅಂಗಡಿಯಲ್ಲಿ ಮೂಗಿಗೆ ಬಡಿಯುವುದು ಆಮ್ಲದ ಆವಿ, ಜಲಜನಕವಲ್ಲ.

ನಮ್ಮ ಎಚ್ಚರಿಕೆಗಳ ಕೊರತೆ ಕಾಣುವುದು ಇಲ್ಲೇ. ಬೋರ್ಡುಗಳೂ ಕೈಪಿಡಿಗಳೂ ಕೋಣೆಯ ಗಾಳಿಯ ಬಗ್ಗೆಯೇ ಹೆಚ್ಚು ಮಾತಾಡುತ್ತವೆ, ಬ್ಯಾಟರಿಯೊಳಗೇ ನಿಂತಿರುವ ಈ ಗ್ಯಾಸಿನ ಬಗ್ಗೆ ಕಡಿಮೆ. ಗಾಳಿ ಬೇಕು, ನಿಜ. ಬ್ಯಾಟರಿ ಕೋಣೆಗಳ ಅಂತರರಾಷ್ಟ್ರೀಯ ಮಾನದಂಡದ ಸೂತ್ರದಲ್ಲಿ ಮನೆಯ 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯನ್ನಿಟ್ಟು ಲೆಕ್ಕ ಹಾಕಿದರೆ, ಜೋರು ಚಾರ್ಜಿನ ಹೊತ್ತಿಗೂ ಗಂಟೆಗೆ ಒಂದು ಘನ ಮೀಟರಿಗಿಂತ ಕಡಿಮೆ ಗಾಳಿ ಸಾಕು. ಅದಕ್ಕೆ ಕೆಳಗೊಂದು ಮೇಲೊಂದು, ಐದು ಸೆಂಟಿಮೀಟರ್ ಚೌಕದ ಎರಡು ಕಿಂಡಿಗಳು ಸಾಲುತ್ತವೆ. ಶಹಾಬಾದ್ ಕಲ್ಲಿನ ಹಳೆಯ ಮನೆಗಳಲ್ಲಿ ಮಾಳಿಗೆಯ ಗವಾಕ್ಷಿ ಈ ಕೆಲಸವನ್ನು ಯಾರೂ ಹೇಳದೆ ಮಾಡುತ್ತಿತ್ತು.

ಹೊಸ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಪ್ಲೈವುಡ್ ಬಾಗಿಲು ಹಾಕಿ, "ಚಂದ ಕಾಣಬೇಕು" ಎಂದು ಸಂದುಗಳನ್ನೂ ಮುಚ್ಚಿ, ಒಳಗೆ ಇನ್ವರ್ಟರನ್ನೂ ಬ್ಯಾಟರಿಯನ್ನೂ ಕೂರಿಸುವ ರೂಢಿಯನ್ನು ಮಾತ್ರ ಒಪ್ಪಲಾಗದು. ಚಾರ್ಜರ್ ಕೆಟ್ಟು, ತುಂಬಿದ ಬ್ಯಾಟರಿಗೆ 5 ಆಂಪಿಯರ್ ಹರಿಯುತ್ತಲೇ ಇದ್ದರೆ ಆರು ಸೆಲ್ಲುಗಳಿಂದ ಗಂಟೆಗೆ ಹನ್ನೆರಡೂವರೆ ಲೀಟರ್ ಜಲಜನಕ ಬರುತ್ತದೆ. ಐನೂರು ಲೀಟರಿನ ಭದ್ರ ಗೂಡಿಗೆ ಶೇ. 4 ಎಂದರೆ ಇಪ್ಪತ್ತು ಲೀಟರ್. ಎರಡು ಗಂಟೆಯೂ ಬೇಕಿಲ್ಲ. ಪಕ್ಕದಲ್ಲೇ ಇನ್ವರ್ಟರಿನ ರಿಲೇ ಟಕ್ ಎನ್ನುತ್ತಿರುತ್ತದೆ.

ಹಾಗಿದ್ದೂ ಕೋಣೆಯೇ ಸಿಡಿಯುವುದು ಅಪರೂಪ. ಬೀಗ ಜಡಿದಂತಿರುವ ಜಲಾಂತರ್ಗಾಮಿಯಲ್ಲಿ ಅದು ಆಗಿದೆ: 2010ರ ಫೆಬ್ರವರಿಯಲ್ಲಿ ವಿಶಾಖಪಟ್ಟಣದಲ್ಲಿ ಐಎನ್‌ಎಸ್ ಸಿಂಧುರಕ್ಷಕದ ಬ್ಯಾಟರಿ ವಿಭಾಗಕ್ಕೆ ಬೆಂಕಿ ಬಿದ್ದು ಒಬ್ಬ ನಾವಿಕ ಸತ್ತ, ಕೆಟ್ಟ ಬ್ಯಾಟರಿ ವಾಲ್ವಿನಿಂದ ಸೋರಿದ ಜಲಜನಕವೇ ಕಾರಣವೆಂದು ಹೇಳಲಾಯಿತು. ಹೊಲದಲ್ಲಿ, ಗ್ಯಾರೇಜಿನಲ್ಲಿ, ಕಬ್ಬಿನ ಸಾಲಿನಲ್ಲಿ ಸಿಡಿಯುವುದು ಬ್ಯಾಟರಿಯ ತಲೆ. ಸುತ್ತ ಹರದಾರಿ ಬಯಲಿದ್ದರೂ ಮುಚ್ಚಳದ ಮೇಲಿನ ಒಂದು ಗೇಣಿನಲ್ಲಿ ಆ ಬಯಲಿನ ಗಾಳಿ ನಿಮ್ಮನ್ನು ಕಾಯುವುದಿಲ್ಲ. ಡಬ್ಬಿಯ ಚೂರೂ ಆಮ್ಲವೂ ನೇರ ಕಣ್ಣಿಗೆ ಹಾರುತ್ತವೆ, ಏಕೆಂದರೆ ಬಗ್ಗಿ ನೋಡುತ್ತಿರುವವನ ಕಣ್ಣು ಅಲ್ಲೇ ಇರುತ್ತದೆ. ಕತ್ತಲಲ್ಲಿ ನೀರಿನ ಮಟ್ಟ ನೋಡಲು ಕಡ್ಡಿ ಗೀರುವುದು, ಬೀಡಿ ಕಚ್ಚಿಕೊಂಡೇ ಮುಚ್ಚಳ ತಿರುವುವುದು, ಆಯುಧಪೂಜೆಯ ದಿನ ಬಾನೆಟ್ ಎತ್ತಿ ಕರ್ಪೂರ ಬೆಳಗುವುದು, ಇವೆಲ್ಲ ಆ ಒಂದು ಗೇಣಿನೊಳಗಿನ ಕೆಲಸಗಳು. (ಪೂಜೆಗೆ ನನ್ನ ತಕರಾರಿಲ್ಲ, ಸ್ಟೇರಿಂಗಿಗೆ ಬೆಳಗಿದರೂ ದೇವರು ಒಪ್ಪಿಯಾನು.)

ನೀರು ಹಾಕುವುದನ್ನು ನಾವು ಬಾಳಿಕೆಯ ಲೆಕ್ಕದಲ್ಲಷ್ಟೇ ನೋಡುತ್ತೇವೆ. ಮಟ್ಟ ಇಳಿದಷ್ಟೂ ಗ್ಯಾಸಿಗೆ ಜಾಗ ಹಿಗ್ಗುತ್ತದೆ. ಪ್ಲೇಟುಗಳನ್ನು ಬೆಸೆದ ಸೀಸದ ಪಟ್ಟಿ ಬಿರುಕು ಬಿಟ್ಟು ನೀರಿನಿಂದ ಹೊರಗಿದ್ದರೆ, ಸೆಲ್ಫ್ ಹೊಡೆದಾಗಿನ ನೂರಾರು ಆಂಪಿಯರಿಗೆ ಅಲ್ಲೇ, ಒಳಗೇ ಕಿಡಿ ಏಳುತ್ತದೆ. ಯಾರೂ ಮುಟ್ಟದೆಯೇ ಸಿಡಿದ ಬ್ಯಾಟರಿಗಳ ಕಥೆಗಳ ಹಿಂದೆ ಬಹಳ ಸಲ ಇದೇ ಇರುತ್ತದೆ. ಆದ್ದರಿಂದ ಡಿಸ್ಟಿಲ್ಡ್ ವಾಟರಿನ ಕ್ಯಾನು ಸ್ಫೋಟ ತಡೆಯುವ ಸಾಧನವೂ ಹೌದು. ಬೋರಿನ ಗಡಸು ನೀರು ಅದರ ಬದಲಿಯಲ್ಲ. ಕಳೆದುಹೋದ ಮುಚ್ಚಳದ ತೂತಿಗೆ ಬಟ್ಟೆ ತುರುಕುವುದೂ ಬೇಡ. ಗ್ಯಾಸಿಗೆ ದಾರಿ ಬೇಕು, ಕಸಕ್ಕೆ ಬೇಡ.

ಇನ್ನು ಬ್ಯಾಟರಿಯಿಂದ ಬ್ಯಾಟರಿಗೆ ಡೈರೆಕ್ಟ್ ಮಾಡುವ ಕೆಲಸ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರಿಯೇ ಹಾರುತ್ತದೆ. ಅದನ್ನು ತಡೆಯಲಾಗದು, ಜಾಗ ಬದಲಿಸಬಹುದು. ಮೊದಲು ಪ್ಲಸ್ಸಿಗೆ ಪ್ಲಸ್, ಆಮೇಲೆ ಒಳ್ಳೆಯ ಬ್ಯಾಟರಿಯ ಮೈನಸ್, ಕೊನೆಯ ತುದಿ ಮಾತ್ರ ಸತ್ತ ಟ್ರ್ಯಾಕ್ಟರಿನ ಎಂಜಿನ್ನಿನ ಬರಿ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಬಿಚ್ಚುವಾಗ ಇದೇ ಕ್ರಮ ಹಿಮ್ಮುಖ. ಬ್ಯಾಟರಿಯನ್ನೇ ಇಳಿಸುವುದಿದ್ದರೆ ಮೊದಲು ಮೈನಸ್ ಬಿಚ್ಚಬೇಕು, ಪ್ಲಸ್ ಬಿಚ್ಚುವ ಪಾನಾ ಬಾಡಿಗೆ ತಾಗಿದರೂ ಆಗ ಏನೂ ಆಗದು. ಚಾರ್ಜರ್ ಇದ್ದರೆ ಕ್ಲಿಪ್ಪಿಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಬೇಕು. ಆಮ್ಲ ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ನೀರು ಬಿಟ್ಟು ತೊಳೆದು ಆಸ್ಪತ್ರೆಗೆ ಓಡಬೇಕು. ಸೋಡಾಪುಡಿ ನೆಲಕ್ಕೆ, ಕಣ್ಣಿಗಲ್ಲ.

ಬ್ಯಾಟರಿಯ ಮೇಲಂಟಿಸಿದ ಪುಟ್ಟ ಚಿತ್ರಗಳು ಬೆಂಕಿ ಬೇಡ, ಕನ್ನಡಕ ಹಾಕಿ ಎನ್ನುತ್ತವೆ. ಯಾವ ತುದಿ ಮೊದಲು, ಯಾವುದು ಕೊನೆಗೆ ಎಂದು ಹೇಳುವುದಿಲ್ಲ. ಎರಡು ವರ್ಷದಲ್ಲಿ ಧೂಳಿಗೂ ಆಮ್ಲಕ್ಕೂ ಅಳಿಸಿಯೂ ಹೋಗುತ್ತವೆ. ಜೋಡಿಸುವ, ಬಿಚ್ಚುವ ಈ ಕ್ರಮವನ್ನು ನಾಲ್ಕು ಸಾಲಿನಲ್ಲಿ, ಕನ್ನಡದಲ್ಲಿ ದೊಡ್ಡದಾಗಿ ಬರೆಸಲು ಕಬ್ಬಿನ ಕಾಟಾದ ಪಕ್ಕದ ಗೋಡೆಗಿಂತ ಒಳ್ಳೆಯ ಜಾಗ ನನಗೆ ಕಾಣದು. ಚಾಲಕರು ಅಲ್ಲಿ ಹೇಗೂ ತಾಸುಗಟ್ಟಲೆ ಕೂತಿರುತ್ತಾರೆ.